ಡೋಲೋ ನುಂಗಿ ಸ್ಕ್ಯಾನರ್ ದಾಟಿದವರಿಗೆ

ಅವರ ಹೆಸರು ಗೊತ್ತಿಲ್ಲ. 2022ರ ನವೆಂಬರ್, ಉಗಾಂಡದ ಎಂಟೆಬೆ ವಿಮಾನ ನಿಲ್ದಾಣ. ಮೂರು ವಾರದ ಕೆಲಸ ಮುಗಿಸಿ ಊರಿಗೆ ಹೊರಟಿದ್ದೆ. ಪಕ್ಕದ ಕುರ್ಚಿಯಲ್ಲಿದ್ದ ನಮ್ಮ ಕಡೆಯವರೊಬ್ಬರು ಜೇಬಿನಿಂದ ಡೋಲೋ 650 ತೆಗೆದು ಗುಟುಕು ನೀರಲ್ಲಿ ನುಂಗಿದರು. ನಾನು ನೋಡಿದ್ದು ಕಂಡು, "ಸ್ವಲ್ಪ ಮೈ ಬಿಸಿ ಇದೆ ಸಾರ್. ಸುಮ್ನೆ ಯಾಕೆ ರಗಳೆ" ಅಂದರು. ಮುಕ್ಕಾಲು ಗಂಟೆ ಕೂತು, ಹಣೆ ಮುಟ್ಟಿ ನೋಡಿಕೊಂಡು, ಎದ್ದು ಹೋಗಿ ಜ್ವರ ನೋಡುವ ಸ್ಕ್ಯಾನರ್ ದಾಟಿದರು.

ನಾನೂ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಆಗ ಅಲ್ಲಿ ಎಬೋಲ ಇತ್ತು. ಸೆಪ್ಟೆಂಬರ್ 20ಕ್ಕೆ ಘೋಷಣೆಯಾಗಿತ್ತು, ಮುಬೆಂಡೆ ಜಿಲ್ಲೆಯಲ್ಲಿ. ರಾಜಧಾನಿ ಕಂಪಾಲದಿಂದ ಸುಮಾರು 150 ಕಿಲೋಮೀಟರ್, ನಮಗೆ ಬೆಂಗಳೂರಿಂದ ಮೈಸೂರು ಇದ್ದ ಹಾಗೆ. ಅದೂ ಸುಡಾನ್ ತಳಿ. ಎಬೋಲಕ್ಕೆ ಅಂತ ಆಗ ಇದ್ದ ಲಸಿಕೆ ಜೈರ್ ಅನ್ನುವ ಇನ್ನೊಂದು ತಳಿಗೆ ಮಾಡಿದ್ದು, ಇದಕ್ಕೆ ನಡೆಯುತ್ತಿರಲಿಲ್ಲ. ನಾನು ಹೊರಟಾಗ ಅತ್ತೆ ಮೂರು ದಿನ ಮಾತು ಬಿಟ್ಟಿದ್ದರು.

ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಭಯಕ್ಕಿಂತ ಲೆಕ್ಕ ಮುಖ್ಯ. ಎಬೋಲ ಗಾಳಿಯಲ್ಲಿ ಹಾರಿ ಬರುವ ಕಾಯಿಲೆ ಅಲ್ಲ. ಕಾಯಿಲೆ ಬಿದ್ದವರ ರಕ್ತ, ವಾಂತಿ, ಬೆವರು ಇಂಥವು ತಾಗಬೇಕು. ಸತ್ತವರ ದೇಹ ಮುಟ್ಟಿದರೂ ಅಂಟುತ್ತದೆ. ಹಾಗಾಗಿ ಸಾವಿನ ಮನೆಗೆ ಹೋಗಲಿಲ್ಲ, ಆಸ್ಪತ್ರೆಗೆ ಯಾರನ್ನೂ ನೋಡಲು ಹೋಗಲಿಲ್ಲ, ಕಾಡುಪ್ರಾಣಿ ಮಾಂಸದ ಕಡೆ ತಿರುಗಲಿಲ್ಲ. ಕೈ ಕುಲುಕುವುದನ್ನು ಅವರೇ ಬಿಟ್ಟಿದ್ದರು, ಎದೆ ಮೇಲೆ ಕೈ ಇಟ್ಟು ನಗುತ್ತಿದ್ದರು. ಯಾವ ಅಂಗಡಿಗೆ ಹೋದರೂ ಬಾಗಿಲಲ್ಲಿ ಮೊದಲು ಒಂದು ಹಳದಿ ಕ್ಯಾನ್: ಕೆಳಗೆ ನಲ್ಲಿ, ಒಳಗೆ ಬ್ಲೀಚ್ ವಾಸನೆಯ ನೀರು, ಕೈ ತೊಳೆದವರಿಗೆ ಮಾತ್ರ ಒಳಗೆ ಜಾಗ.

ನನ್ನನ್ನು ಕೊಲ್ಲಬಹುದಾಗಿದ್ದ ಪ್ರಾಣಿ ಅಲ್ಲಿ ಸೊಳ್ಳೆ. ಮಲೇರಿಯಾ. ಅದಕ್ಕೆ ಡಾಕ್ಟರ್ ಬರೆದುಕೊಟ್ಟದ್ದು ಡಾಕ್ಸಿಸೈಕ್ಲಿನ್. ಹೊರಡುವ ಮೊದಲೇ ಶುರು, ದಿನಕ್ಕೊಂದು, ವಾಪಸ್ ಬಂದು 4 ವಾರ ಆಗುವವರೆಗೆ ಬಿಡುವ ಹಾಗಿಲ್ಲ. ಜಾಸ್ತಿ ಜನ ಎಡವುವುದು ಈ 4 ವಾರದಲ್ಲೇ. ಊರು ಸೇರಿದ್ದಾಯಿತಲ್ಲ, ಇನ್ಯಾಕೆ ಮಾತ್ರೆ ಅಂತ. ಊಟ ಮಾಡಿ ತುಂಬಾ ನೀರಿನ ಜೊತೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು. ಒಂದು ರಾತ್ರಿ ನಾನು ಮಲಗಿ, ಎದೆ ಉರಿಗೆ ಗೋಡೆ ಒರಗಿ ಕೂತೇ ಬೆಳಗು ಮಾಡಿದ್ದೆ.

ಹಳದಿ ಜ್ವರದ ಲಸಿಕೆ ಬೇರೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿ, ಹಾಕಿಸಿದ್ದಕ್ಕೆ ಸಾಕ್ಷಿಯಾಗಿ ಕೊಡುವ ಹಳದಿ ಪುಸ್ತಕ ಪಾಸ್‌ಪೋರ್ಟ್ ಜೊತೆಗೇ ಇಡಿ. ಅದಿಲ್ಲದೆ ಆ ಕಡೆಯಿಂದ ಭಾರತಕ್ಕೆ ಬಂದಿಳಿದರೆ 6 ದಿನದವರೆಗೆ ಕ್ವಾರಂಟೈನ್. ತಿನ್ನುವ ವಿಷಯಕ್ಕೆ ನನ್ನ ನಿಯಮ ಒಂದೇ, ಕಣ್ಣೆದುರು ಬೇಯಬೇಕು. ಅಲ್ಲಿ ರಸ್ತೆ ಬದಿಯಲ್ಲಿ ಚಪಾತಿಯೊಳಗೆ ಆಮ್ಲೆಟ್ ಸುತ್ತಿ ಕೊಡುತ್ತಾರೆ, ಹೆಸರು ರೋಲೆಕ್ಸ್. ಕೈಗೆ ಕಟ್ಟುವ ರೋಲೆಕ್ಸ್ ಈ ಜನ್ಮಕ್ಕಿಲ್ಲ, ತಿನ್ನುವುದನ್ನಂತೂ ದಿನಾ ತಿಂದೆ.

ಈಗ ಡೋಲೋ ವಿಷಯಕ್ಕೆ ಬರುತ್ತೇನೆ. ಅವರಿಗೆ ಎಬೋಲ ಇತ್ತು ಅಂತ ನಾನು ಹೇಳುತ್ತಿಲ್ಲ, ಬಹುಶಃ ನೆಗಡಿ ಜ್ವರವೇ. ಆದರೆ ಮಲೇರಿಯಾ ಆಗಿದ್ದರೆ? ಮಾತ್ರೆ ಜ್ವರ ಇಳಿಸುತ್ತದೆ, ಪರಾವಲಂಬಿ ಜೀವಿ ಒಳಗೆ ತನ್ನ ಪಾಡಿಗೆ ಹೆಚ್ಚುತ್ತಾ ಹೋಗುತ್ತದೆ. ಆಫ್ರಿಕಾದಲ್ಲಿ ಹೆಚ್ಚಾಗಿರುವ ಫಾಲ್ಸಿಪಾರಂ ಮಲೇರಿಯಾ, ಚಿಕಿತ್ಸೆ ತಡವಾದರೆ ಕೆಲವೇ ದಿನದಲ್ಲಿ ಜೀವ ತೆಗೆಯಬಲ್ಲದು. ಯಂತ್ರಕ್ಕೆ ಮೋಸ ಮಾಡಿದೆ ಅಂದುಕೊಂಡವನು ಮೊದಲು ಮಾಡುವ ಮೋಸ ತನಗೇ, ಅಲ್ವಾ? ಲಸಿಕೆ ಇಲ್ಲದ ರೋಗವನ್ನು ಆ ದೇಶದವರು ನಾಲ್ಕು ತಿಂಗಳೊಳಗೆ ಮುಗಿಸಿದರು, 2023ರ ಜನವರಿ 11ಕ್ಕೆ. ಹೇಗೆ? ರೋಗಿಯ ಹತ್ತಿರ ಬಂದಿದ್ದವರನ್ನೆಲ್ಲ ಹುಡುಕಿ, 21 ದಿನ ಕಾದು ನೋಡಿ. ಜನ "ನನಗೆ ಜ್ವರ ಇದೆ" ಅಂತ ಬಾಯಿ ಬಿಟ್ಟರೆ ತಾನೇ ಆ ಕೆಲಸ ನಡೆಯುವುದು.

ನನಗೂ ಜ್ವರ ಬಂತು. ಬೆಂಗಳೂರಿಗೆ ಬಂದ ಹದಿನಾರನೇ ದಿನ, ರಾತ್ರಿ, 102. ಕೈ ತಾನಾಗಿ ಡೋಲೋ ಡಬ್ಬಿ ಕಡೆ ಹೋಯಿತು ನೋಡಿ! ನಿಲ್ಲಿಸಿ, ಮೊದಲು ಆಸ್ಪತ್ರೆಗೆ ಫೋನ್ ಮಾಡಿದೆ. "ಉಗಾಂಡದಿಂದ ಬಂದು 16 ದಿನ ಆಯ್ತು, ಜ್ವರ ಇದೆ, ಹೇಗೆ ಬರಲಿ?" ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಹಿಂಬಾಗಿಲಿಗೆ ಬರಲು ಹೇಳಿದರು. ಗ್ಲೌಸು, ಮಾಸ್ಕು, ಬೇರೆ ಕೋಣೆ. ಎಲ್ಲಿ ಓಡಾಡಿದೆ, ಯಾರನ್ನು ಮುಟ್ಟಿದೆ ಅಂತ ಒಂದು ಗಂಟೆ ಪ್ರಶ್ನೆ. ರಗಳೆ ಆಯಿತು, ನಿಜ. ಮಲೇರಿಯಾ ಇಲ್ಲ ಅಂತ ಬಂತು. ಮರುದಿನ ಸಿಕ್ಕಿದ್ದು ಡೆಂಗ್ಯೂ.

"ಡೆಂಗ್ಯೂ ಸಾಮಾನ್ಯವಾಗಿ ಕಚ್ಚಿದ 4ರಿಂದ 10 ದಿನದಲ್ಲಿ ಕಾಣಿಸಿಕೊಳ್ಳುತ್ತೆ. ಇದು ನಿಮ್ಮ ಉಗಾಂಡದ್ದಲ್ಲ ಸಾರ್, ಇಲ್ಲಿಯದೇ" ಅಂದರು ಡಾಕ್ಟರ್.

ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಮನೆಗೆ ಬಂದವಳೇ ಕಿಟಕಿಯಲ್ಲಿದ್ದ ಮನಿ ಪ್ಲಾಂಟ್ ಬಾಟಲಿಯ ನೀರನ್ನು ಸಿಂಕಿಗೆ ಸುರಿದಳು.