ಪಿಂಗ್ ಹೋಯ್ತು ಅಂದ್ರೆ ಇಂಟರ್ನೆಟ್ ಬಂತು ಅಂತಲ್ಲ ಸ್ವಾಮಿ!

ವರ್ಚುವಲೈಸೇಶನ್ ಮ್ಯಾನೇಜ್‌ಮೆಂಟ್ ಸರ್ವರ್‌ಗೆ (ವಿಎಂ ಅನ್ನೋ ವರ್ಚುವಲ್ ಕಂಪ್ಯೂಟರ್‌ಗಳನ್ನ ನೋಡ್ಕೊಳ್ಳೋ ಸರ್ವರ್) ಇಂಟರ್ನೆಟ್‌ನಿಂದ ಅಪ್‌ಡೇಟ್ ಬರ್ತಿಲ್ಲ ಅಂತ ಟಿಕೆಟ್ ಹಾಕಿದ್ರೆ ಎಲ್ಲಿ ಹೋದ್ರೂ ಅದೇ ಉತ್ತರ: "ಪಿಂಗ್ ಹೋಗ್ತಿದೆಯಲ್ಲ, ನಮ್ಮ ಕಡೆ ಎಲ್ಲ ಸರಿ ಇದೆ." ಟಿಕೆಟ್ ಕ್ಲೋಸ್! ಪಿಂಗ್ ಅಂದ್ರೆ 'ಇದ್ದೀಯಾ?' ಅಂತ ಕೇಳೋ ಪುಟ್ಟ ಸಂದೇಶ. ಅದು ಓಡೋದು ಐಸಿಎಂಪಿ ಅನ್ನೋ ಪ್ರೋಟೋಕಾಲ್ ಮೇಲೆ, ಅದಕ್ಕೆ ಪೋರ್ಟ್ (ಸೇವೆಗೊಂದು ಬಾಗಿಲ ನಂಬರ್) ಅನ್ನೋದೇ ಇಲ್ಲ. ಅಪ್‌ಡೇಟ್ ಬರೋದು ಸಾಮಾನ್ಯವಾಗಿ ಟಿಸಿಪಿ ಅನ್ನೋ ಇನ್ನೊಂದು ಪ್ರೋಟೋಕಾಲ್‌ನ 443ನೇ ಪೋರ್ಟ್‌ನಲ್ಲಿ. ಒಂದನ್ನ ಬಿಟ್ಟು ಇನ್ನೊಂದನ್ನ ತಡೆಯೋದು ಫೈರ್‌ವಾಲ್‌ನ ದಿನನಿತ್ಯದ ಕೆಲಸ. ಇಷ್ಟು ಗೊತ್ತಿಲ್ಲದೆ ನೆಟ್‌ವರ್ಕ್ ನೋಡ್ಕೊಳ್ತೀರಾ?

ನಿಮ್ಮ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಪೇಜ್ ತೆರೆದು ತೋರಿಸೋದೂ ಬೇಡ. ಆ ಸರ್ವರ್‌ನ ಶೆಲ್‌ನಿಂದಲೇ (ಕಮಾಂಡ್ ಟೈಪ್ ಮಾಡೋ ಜಾಗ), ಅಪ್‌ಡೇಟ್ ರೆಪೊದ (ಅಪ್‌ಡೇಟ್ ಫೈಲ್‌ಗಳ ಭಂಡಾರ) ವಿಳಾಸಕ್ಕೇ, ಪ್ರತಿ ಹಂತವನ್ನೂ ತೋರಿಸೋ ವರ್ಬೋಸ್ ಹಾಕಿ, ವೆಬ್ ವಿಳಾಸ ತೆರೆಯೋ ಕರ್ಲ್ ಕಮಾಂಡ್ ಓಡಿಸಿ, ಎಲ್ಲಿ ನಿಂತಿತು ಅಂತ ಓದಿ. ಹೆಸರು ರಿಸಾಲ್ವ್ ಆಗಲಿಲ್ಲ ಅಂದ್ರೆ ತೊಂದರೆ ಡಿಎನ್ಎಸ್‌ದು, ಅಂದ್ರೆ ಹೆಸರಿಗೆ ಐಪಿ ವಿಳಾಸ ಹುಡುಕಿ ಕೊಡೋ ವ್ಯವಸ್ಥೆಯದು. ಕನೆಕ್ಷನ್ ರಿಫ್ಯೂಸ್ಡ್ ಅಂದ್ರೆ ಆ ಕಡೆಯಿಂದ ಯಾರೋ 'ಇಲ್ಲ' ಅಂದಿದ್ದಾರೆ. ಟೈಮ್ಡ್ ಔಟ್ ಅಂದ್ರೆ ಪ್ಯಾಕೆಟ್ಟನ್ನ ಬಹುತೇಕ ಯಾರೋ ಸದ್ದಿಲ್ಲದೆ ನುಂಗಿದ್ದಾರೆ. ಈ ಮೂರಕ್ಕೂ "ಕನೆಕ್ಟ್ ಆಗ್ತಿಲ್ಲ" ಅಂತ ಒಂದೇ ಸಾಲು ಬರೆದು ಟಿಕೆಟ್ ತಳ್ಳೋರನ್ನ ಕಂಡ್ರೆ ಮೈಯೆಲ್ಲ ಉರಿಯುತ್ತೆ.

ಇನ್ನೊಂದು ವಾದ: "ವಿಎಂಗಳಲ್ಲಿ ಇಂಟರ್ನೆಟ್ ಇದೆ, ಹೋಸ್ಟ್‌ನಲ್ಲಿ ಹೇಗೆ ಇರಲ್ಲ?" ಹೋಸ್ಟ್ ಅಂದ್ರೆ ವಿಎಂಗಳನ್ನ ಹೊತ್ತ ಯಂತ್ರ. ವಿಎಂಗಳ ವಿಎಲ್ಎಎನ್ (ಒಂದೇ ನೆಟ್‌ವರ್ಕ್‌ನಲ್ಲಿ ಬೇರ್ಪಡಿಸಿದ ಭಾಗ) ಬೇರೆ, ಮ್ಯಾನೇಜ್‌ಮೆಂಟ್ ವಿಎಲ್ಎಎನ್ ಬೇರೆ, ಫೈರ್‌ವಾಲ್ ರೂಲೂ ಬೇರೆ! ಜೊತೆಗೆ ಇಂಥ ಸರ್ವರ್‌ಗೆ ಎರಡು ಮೂರು ನೆಟ್‌ವರ್ಕ್ ಕಾರ್ಡ್ ಇರುತ್ತೆ, ಯಾರೋ ಪುಣ್ಯಾತ್ಮರು ಸ್ಟೋರೇಜ್ ಕಡೆಗೂ ಒಂದು ಡೀಫಾಲ್ಟ್ ಗೇಟ್‌ವೇ (ಹೊರಗೆ ಹೋಗೋ ದಾರಿ) ಬರೆದಿರ್ತಾರೆ. ರೂಲ್ ತೆರೆದಿರೋದು ಮ್ಯಾನೇಜ್‌ಮೆಂಟ್ ಐಪಿಗೆ, ಪ್ಯಾಕೆಟ್ ಹೊರಡೋದು ಸ್ಟೋರೇಜ್ ಐಪಿಯಿಂದ. 'ಐಪಿ ರೂಟ್ ಗೆಟ್' ಕಮಾಂಡ್‌ಗೆ ಹೊರಗಿನ ಒಂದು ವಿಳಾಸ ಕೊಟ್ಟರೆ ಯಾವ ಇಂಟರ್ಫೇಸ್, ಯಾವ ಸೋರ್ಸ್ ಐಪಿ ಅಂತ ಒಂದೇ ಸಾಲಲ್ಲಿ ಹೇಳುತ್ತೆ. ಆಮೇಲೆ ಅದೇ ಇಂಟರ್ಫೇಸ್ ಮೇಲೆ, ಹೋಗಿ ಬರೋ ಪ್ಯಾಕೆಟ್ ತೋರಿಸೋ ಟಿಸಿಪಿಡಂಪ್ ಹಾಕಿ. ಸೋರ್ಸ್ ಐಪಿ ಸರಿ ಇದ್ದೂ ಸಿನ್ (ಕನೆಕ್ಷನ್ ಕೇಳೋ ಮೊದಲ ಪ್ಯಾಕೆಟ್) ಹೋಗ್ತಾನೇ ಇದೆ, ಸಿನ್-ಆಕ್ (ಅದರ ಉತ್ತರ) ಬರ್ತಿಲ್ಲ ಅಂದ್ರೆ ಹುಡುಕಬೇಕಾದ್ದು ಸರ್ವರ್‌ನ ಆಚೆ.

ಕನೆಕ್ಟ್ ಆಗಿ, ಟಿಎಲ್ಎಸ್ ಕ್ಲೈಂಟ್ ಹೆಲೋ (ಗುಪ್ತ ಸಂಪರ್ಕ ಶುರು ಮಾಡೋ ಮೊದಲ ಸಂದೇಶ) ಹೋದ ಮೇಲೆ ಗಪ್‌ಚುಪ್ ಆಯ್ತಾ? ಎಂಟಿಯು, ಅಂದ್ರೆ ದಾರಿಯಲ್ಲಿ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ ನೋಡಿ. ದಾರಿಯಲ್ಲಿ ವಿಪಿಎನ್ ಟನೆಲ್ ಇದ್ದು, 'ಫ್ರಾಗ್ಮೆಂಟೇಶನ್ ನೀಡೆಡ್' (ಪ್ಯಾಕೆಟ್ ದೊಡ್ಡದು, ತುಂಡು ಮಾಡು) ಸಂದೇಶವನ್ನೂ ಯಾರೋ ತಡೆದಿದ್ರೆ ದೊಡ್ಡ ಪ್ಯಾಕೆಟ್‌ಗಳು ಮಾತ್ರ ಸಾಯುತ್ತವೆ. ಪುಟ್ಟ ಪಿಂಗ್ ಆರಾಮಾಗಿ ಹೋಗುತ್ತೆ, ಸರ್ಟಿಫಿಕೇಟ್ ಬರಲ್ಲ. ಪಿಂಗೇ ಮಾಡಬೇಕು ಅಂದ್ರೆ ಫ್ರಾಗ್ಮೆಂಟ್ ಮಾಡಬೇಡ ಅಂತ ಹೇಳಿ 1472 ಬೈಟ್ ಕಳಿಸಿ. ಐಪಿ ಹೆಡರ್ 20, ಐಸಿಎಂಪಿ ಹೆಡರ್ 8 ಸೇರಿ ಸರಿಯಾಗಿ 1500. ಸರ್ಟಿಫಿಕೇಟ್ ಬಂದೂ ಎರರ್ ಬಂದ್ರೆ ಸರ್ವರ್‌ನ ಗಡಿಯಾರ ನೋಡಿ, ಇಶ್ಯೂಯರ್ (ಸರ್ಟಿಫಿಕೇಟ್ ಕೊಟ್ಟವರು) ಯಾರು ನೋಡಿ. ಅಲ್ಲಿ ನಿಮ್ಮದೇ ಫೈರ್‌ವಾಲ್‌ನ ಹೆಸರಿದ್ರೆ ಅದೇ ಟ್ರಾಫಿಕ್ ಬಿಚ್ಚಿ ನೋಡ್ತಿದೆ.

ನಮ್ಮ ಪರವಾಗಿ ಇಂಟರ್ನೆಟ್‌ಗೆ ಹೋಗಿ ಬರೋ ಮಧ್ಯವರ್ತಿ ಪ್ರಾಕ್ಸಿಯದ್ದಂತೂ ಮುಗಿಯದ ಗೋಳು. ಪ್ರಾಕ್ಸ್‌ಮಾಕ್ಸ್ ಅನ್ನೋ ವರ್ಚುವಲೈಸೇಶನ್ ಸಾಫ್ಟ್‌ವೇರ್‌ನ ಡೇಟಾಸೆಂಟರ್ ಆಪ್ಷನ್ಸ್‌ನಲ್ಲಿ ಹಾಕಿದ ಪ್ರಾಕ್ಸಿ, ಅಪ್‌ಡೇಟ್ ತರೋ ಎಪಿಟಿಗೆ ತಲುಪುತ್ತೆ, ಶೆಲ್‌ನಲ್ಲಿ ಓಡಿಸೋ ಕರ್ಲ್‌ಗೆ ಅದರ ಸುದ್ದಿಯೇ ಇರಲ್ಲ. ಹಾಗಾಗಿ ಕರ್ಲ್‌ಗೂ ಅದೇ ಪ್ರಾಕ್ಸಿ ಕೊಟ್ಟು ಟೆಸ್ಟ್ ಮಾಡಿ. ವಿಎಂವೇರ್‌ನ ಮ್ಯಾನೇಜ್‌ಮೆಂಟ್ ಸರ್ವರ್ ವಿಸೆಂಟರ್‌ನಲ್ಲಾದ್ರೆ 5480ನೇ ಪೋರ್ಟ್‌ನ ಪೇಜ್‌ನಲ್ಲಿ ಪ್ರಾಕ್ಸಿ ಹಾಕುವಾಗ ಒಳಗಿನ ಹೋಸ್ಟ್‌ಗಳನ್ನ ಪ್ರಾಕ್ಸಿಯಿಂದ ಹೊರಗಿಡಿ.

ಪ್ರಾಕ್ಸ್‌ಮಾಕ್ಸ್‌ನಲ್ಲಿ 401 (ನಿನಗೆ ಅನುಮತಿ ಇಲ್ಲ ಅನ್ನೋ ಉತ್ತರ) ನೋಡಿ "ನೆಟ್ ಇಲ್ಲ" ಅನ್ನೋರೇ, ದುಡ್ಡು ಕೊಟ್ಟವರಿಗಿರೋ ಎಂಟರ್‌ಪ್ರೈಸ್ ರೆಪೊದಿಂದ ಆ ಉತ್ತರ ಬಂತು ಅಂದ್ರೆ ಡಿಎನ್ಎಸ್, ರೂಟ್, ಟಿಎಲ್ಎಸ್ ಎಲ್ಲ ದಾಟಿ ಬಂದಿದೆ. ಇಲ್ಲದಿರೋದು ಸಬ್‌ಸ್ಕ್ರಿಪ್ಶನ್! ಅದಕ್ಕೆ ಹೋಸ್ಟನ್ನೂ ವಿಎಂಗಳನ್ನೂ ನೆಟ್‌ವರ್ಕ್‌ಗೆ ಜೋಡಿಸೋ ಬ್ರಿಡ್ಜ್ ಕಿತ್ತು ಹಾಕಿ ಇದ್ದ ಮ್ಯಾನೇಜ್‌ಮೆಂಟ್ ಪೇಜನ್ನೂ ಕಳ್ಕೊಳ್ಳೋದು ಯಾವ ನ್ಯಾಯ?

ಮ್ಯಾನೇಜ್‌ಮೆಂಟ್ ಸರ್ವರ್‌ಗೆ ಪೂರ್ತಿ ಇಂಟರ್ನೆಟ್ ಬಿಡಿ ಅಂತ ಯಾರೂ ಕೇಳ್ತಿಲ್ಲ, ಬಿಡಲೂಬಾರದು. ಆದ್ರೆ ಸಿಡಿಎನ್ (ಒಂದೇ ಫೈಲನ್ನ ಹಲವು ಕಡೆಯ ಸರ್ವರ್‌ಗಳಿಂದ ಹಂಚೋ ಜಾಲ) ಹಿಂದಿರೋ ರೆಪೊಗೆ ಐಪಿ ಹಾಕಿ ರೂಲ್ ಬರೀಬೇಡಿ. ಆ ಐಪಿಗಳು ಬದಲಾಗ್ತಾನೇ ಇರುತ್ತವೆ, ಮುಂದಿನ ಅಪ್‌ಡೇಟ್ ಹೊತ್ತಿಗೆ ಮತ್ತೆ ಟಿಕೆಟ್, ಮತ್ತೆ ಪಿಂಗ್. ಹೆಸರಿನ ಮೇಲೆ ರೂಲ್ ಬರೀರಿ, ಆಗಲ್ಲ ಅಂದ್ರೆ ಪ್ರಾಕ್ಸಿ ಕೊಡಿ, ಅದೂ ಆಗಲ್ಲ ಅಂದ್ರೆ ಒಳಗೇ ಒಂದು ಲೋಕಲ್ ಮಿರರ್ (ರೆಪೊದ ನಕಲು) ಇಡಿ.