ಗಂಡು ಮೀನಿನ ವರದಿಗೆ ಸೀಲು ಇಲ್ಲ

ಮತ್ತೊಂದು ನದಿ, ಮತ್ತೊಂದು ವರದಿ, ಮತ್ತದೇ ಸಂಭ್ರಮ. ಹಾರ್ಮೋನು ಕೆಡಿಸುವ ರಾಸಾಯನಿಕ ಏನೂ ಪತ್ತೆಯಾಗಿಲ್ಲವಂತೆ. ಸುದ್ದಿ ನೀವೂ ಓದಿರುತ್ತೀರಿ, ಫೋಟೋ ಕೂಡ ನೋಡಿರುತ್ತೀರಿ. ಪ್ಯಾಂಟು ಮಡಚಿಕೊಂಡು ದಡದಲ್ಲಿ ನಿಂತ ಅಧಿಕಾರಿ, ಕೈಯಲ್ಲೊಂದು ಬಾಟಲಿ, ಹಿಂದೆ ನಾಲ್ಕು ಜನ ಆ ಬಾಟಲಿಯನ್ನೇ ಭಕ್ತಿಯಿಂದ ನೋಡುತ್ತಿರುತ್ತಾರೆ. ಬಾಟಲಿ ಪ್ಲಾಸ್ಟಿಕ್ಕಿನದ್ದಾದರೆ ಇನ್ನೂ ಚೆಂದ. ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸುವ, ಹಾರ್ಮೋನು ಕೆಡಿಸುವ ಥ್ಯಾಲೇಟು ಹುಡುಕಲು ಹೊರಟವರು ಮನೆಯಿಂದಲೇ ಒಂದಿಷ್ಟು ಥ್ಯಾಲೇಟು ಕಟ್ಟಿಕೊಂಡು ಹೋದ ಹಾಗಾಯಿತು. ಕೆಲಸ ಗೊತ್ತಿದ್ದವರು ಗಾಜಿನ ಬಾಟಲಿ ಒಯ್ಯುತ್ತಾರೆ, ಅದೂ ಬೆಳಕು ತಾಗದ ಕಂದು ಬಣ್ಣದ್ದು. ಆದರೆ ಅದರಲ್ಲಿ ನದಿ ನೀರಿದೆಯೋ ಕೆಮ್ಮಿನ ಔಷಧಿ ಇದೆಯೋ ಫೋಟೋದಲ್ಲಿ ಗೊತ್ತಾಗುವುದಿಲ್ಲ, ಅಲ್ವಾ?

ಸರಿ, ಪತ್ತೆಯಾಗಿಲ್ಲ. ಯಾರಿಗೆ ಪತ್ತೆಯಾಗಿಲ್ಲ? ಯಂತ್ರಕ್ಕೆ. ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಹೆಣ್ಣು ಹಾರ್ಮೋನಾದ ಎಥಿನೈಲ್ ಎಸ್ಟ್ರಾಡಿಯಾಲ್‌ಗೆ ಯುರೋಪಿನವರು 2012ರಲ್ಲಿ ನದಿಯಲ್ಲಿ ಇಡಲು ಹೊರಟಿದ್ದ ಮಿತಿ ಲೀಟರಿಗೆ 0.035 ನ್ಯಾನೋಗ್ರಾಂ. ಒಲಿಂಪಿಕ್ ಈಜುಕೊಳದಲ್ಲಿ 25 ಲಕ್ಷ ಲೀಟರ್ ನೀರಿರುತ್ತದೆ. ಅದಕ್ಕೆ 30 ಮೈಕ್ರೋಗ್ರಾಂ ಎಥಿನೈಲ್ ಎಸ್ಟ್ರಾಡಿಯಾಲ್ ಇರುವ ಮೂರೇ ಮೂರು ಮಾತ್ರೆ ಕರಗಿಸಿದರೆ ಮಿತಿ ಮುಟ್ಟಿತು. ಇಷ್ಟು ಸಣ್ಣದನ್ನು ಹಿಡಿಯುವ ತಾಕತ್ತು ಎಲ್ಲ ಲ್ಯಾಬಿಗೂ ಇರುವುದಿಲ್ಲ. ಒಂದು ನ್ಯಾನೋಗ್ರಾಂಗಿಂತ ಕೆಳಗಿನದು ಕಾಣದ ಯಂತ್ರ ಇಟ್ಟುಕೊಂಡರೆ, ಮಿತಿಯ ಇಪ್ಪತ್ತು ಪಟ್ಟು ವಿಷ ಇದ್ದರೂ ನದಿ ಪವಿತ್ರ. ಹಾಗಾಗಿ ದಯವಿಟ್ಟು ಯಾರೂ ಹೊಸ ಯಂತ್ರ ಕೊಳ್ಳಬೇಡಿ. ನದಿ ಕೆಟ್ಟುಹೋಗುತ್ತದೆ.

ಮಾತ್ರೆ ಅಂದ ತಕ್ಷಣ ಹೆಂಗಸರ ಮೇಲೆ ಹರಿಹಾಯುವ ಮಹಾನುಭಾವರು ಒಂದು ನಿಮಿಷ ಕೂತುಕೊಳ್ಳಿ. ಆರೋಪಿಗಳ ಸಾಲಿನಲ್ಲಿ ಕೆಲವು ಕೀಟನಾಶಕಗಳಿವೆ, ಕಾರ್ಖಾನೆಯ ಸೋಪಿನಿಂದ ಬರುವ ನೋನೈಲ್‌ಫೀನಾಲ್ ಇದೆ, ಪ್ಲಾಸ್ಟಿಕ್ಕಿನ ಬಿಸ್ಫೀನಾಲ್ ಎ ಇದೆ. ಒಂದೊಂದನ್ನೇ ಕರೆದು ವಿಚಾರಿಸಿದರೆ ಎಲ್ಲವೂ ಮಿತಿಯೊಳಗೆ, ಎಲ್ಲವೂ ನಿರ್ದೋಷಿ. ನೀರೊಳಗೆ ಮಾತ್ರ ಎಲ್ಲ ಸೇರಿಕೊಂಡು ಹೆಣ್ಣು ಹಾರ್ಮೋನಿನ ವೇಷ ಹಾಕುವ ಒಂದೇ ಕೆಲಸ ಮಾಡುತ್ತವೆ. ಒಟ್ಟು ಪರಿಣಾಮ ಅಳೆಯಲು ಯೀಸ್ಟ್ ಕೋಶದ ಪರೀಕ್ಷೆಗಳಿವೆ. ಆದರೆ ಯೀಸ್ಟ್ ಯಾರ ಹೆಸರನ್ನೂ ಹೇಳುವುದಿಲ್ಲ, ಹೆಸರಿಲ್ಲದೆ ನೋಟಿಸು ಕೊಡುವುದು ಯಾರಿಗೆ?

ಮೀನು ಮಾತ್ರ ಇದನ್ನೆಲ್ಲ ಕಾಯುತ್ತಾ ಕೂರಲಿಲ್ಲ. ಬ್ರಿಟನ್ನಿನಲ್ಲಿ ಕೊಳಚೆ ಶುದ್ಧೀಕರಣ ಘಟಕದ ನೀರು ಹೊರಬರುವ ಜಾಗದಲ್ಲಿ ಪಂಜರದೊಳಗೆ ಟ್ರೌಟ್ ಮೀನು ಬಿಟ್ಟು ನೋಡಿದ್ದರು. ಅವುಗಳ ರಕ್ತದಲ್ಲಿ ವಿಟೆಲೋಜೆನಿನ್ ಏರಿಬಿಟ್ಟಿತ್ತು. ಮೊಟ್ಟೆಯ ಹಳದಿಗೆ ಬೇಕಾಗುವ ಪ್ರೋಟೀನು ಅದು, ಗಂಡಿಗೆ ಅದರಿಂದ ಏನೂ ಉಪಯೋಗವಿಲ್ಲ. ಇದು ಪ್ರಕಟವಾಗಿದ್ದು 1994ರಲ್ಲಿ. ಆಮೇಲೆ ಅಲ್ಲಿನ ನದಿಗಳ ರೋಚ್ ಮೀನು ನೋಡಿದರೆ ಗಂಡಿನ ವೃಷಣದಲ್ಲೇ ಮೊಟ್ಟೆ. ಇಷ್ಟು ಸ್ಪಷ್ಟವಾಗಿ ವರದಿ ಕೊಟ್ಟ ಲ್ಯಾಬು ಬೇರೆ ಯಾವುದಿದೆ ಹೇಳಿ. ದಿನದ 24 ಗಂಟೆ ನೀರಲ್ಲೇ ಇರುತ್ತದೆ, ರಜೆ ಇಲ್ಲ, ಭತ್ಯೆ ಇಲ್ಲ. ಪಾಪ, ಮಾನ್ಯತೆ ಪತ್ರ ಇಲ್ಲ, ಸೀಲಿಲ್ಲ. ತನ್ನ ಹೊಟ್ಟೆಯನ್ನೇ ಸಾಕ್ಷಿಯಾಗಿ ಕೊಟ್ಟರೂ ‘ಇನ್ನಷ್ಟು ಅಧ್ಯಯನ ಬೇಕು’ ಎಂಬ ಹಿಂಬರಹ ಬೀಳುತ್ತದೆ.

ಅಧ್ಯಯನವೂ ಆಯಿತು ಸ್ವಾಮಿ. ಕೆನಡಾದ ಒಂಟಾರಿಯೋದಲ್ಲಿ ವಿಜ್ಞಾನಿಗಳು ಪ್ರಯೋಗಕ್ಕೆಂದೇ ಇದ್ದ ಒಂದು ಕೆರೆಗೆ 2001ರಿಂದ ಮೂರು ಬೇಸಿಗೆ ಇದೇ ಎಥಿನೈಲ್ ಎಸ್ಟ್ರಾಡಿಯಾಲ್ ಹಾಕಿದರು, ಲೀಟರಿಗೆ ಬರೀ 5-6 ನ್ಯಾನೋಗ್ರಾಂ. ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನು ಆ ಕೆರೆಯಲ್ಲಿ ಹೆಚ್ಚುಕಡಿಮೆ ನಿರ್ನಾಮವಾಯಿತು. ಹಾಕುವುದು ನಿಲ್ಲಿಸಿದ ಮೇಲೆ ಕೆಲವು ವರ್ಷಕ್ಕೆ ಮತ್ತೆ ಚೇತರಿಸಿಕೊಂಡಿತು. ಅಂದರೆ ನಿಲ್ಲಿಸಿದರೆ ಸರಿಹೋಗುತ್ತದೆ. ಇದಕ್ಕಿಂತ ನೇರವಾಗಿ ಪ್ರಕೃತಿ ಇನ್ನೇನು ಹೇಳಬೇಕು?

ಇಷ್ಟಾದ ಮೇಲೂ ಆಗಿದ್ದೇನು? ಅಮೆರಿಕದಲ್ಲಿ ಇಂಥ ರಾಸಾಯನಿಕ ಪರೀಕ್ಷಿಸಿ ಅಂತ ಕಾನೂನು ಬಂದಿದ್ದು 1996ರಲ್ಲಿ, ಮೊದಲ ಪರೀಕ್ಷೆಯ ಆದೇಶ ಹೊರಟಿದ್ದು 2009ರಲ್ಲಿ. ಯುರೋಪಿನಲ್ಲಿ ಎಥಿನೈಲ್ ಎಸ್ಟ್ರಾಡಿಯಾಲನ್ನು ಆದ್ಯತೆಯ ಪಟ್ಟಿಗೆ, ಅಂದರೆ ನೀರಿನಲ್ಲಿ ಮಿತಿ ಹಾಕಿ ನಿಯಂತ್ರಿಸಲೇಬೇಕಾದ ರಾಸಾಯನಿಕಗಳ ಪಟ್ಟಿಗೆ, ಸೇರಿಸೋಣ ಎಂಬ ಮಾತು 2012ರಲ್ಲಿ ಬಂತು. ಮರುವರ್ಷವೇ ಅದನ್ನು ‘ನಿಗಾ ಪಟ್ಟಿ’ಗೆ ತಳ್ಳಿದರು. ನಿಗಾ ಎಂದರೆ ಆಗ ವರ್ಷಕ್ಕೆ ಒಂದು ಸಲ ನೀರು ತೆಗೆದು ನೋಡಿದರೂ ಸಾಕಿತ್ತು, ನಿಯಮ ಪಾಲಿಸಿದಂತೆಯೇ. ಆದ್ಯತೆಯ ಪಟ್ಟಿಗೆ ಸೇರಿಸೋಣ ಎಂಬ ಅದೇ ಮಾತು 2022ರಲ್ಲಿ ಮತ್ತೆ ಬಂತು. ಹತ್ತು ವರ್ಷ! ನಗಬೇಕು ಅಂತಲೇ ಬರೆಯೋಕೆ ಕೂತಿದ್ದೆ, ಈಗ ಸಿಟ್ಟು ಬರ್ತಾ ಇದೆ. ಗೊತ್ತಿಲ್ಲದೆ ತಡವಾದರೆ ಕ್ಷಮಿಸಬಹುದು. ಇಲ್ಲಿ ಎಲ್ಲ ಗೊತ್ತು. ಗೊತ್ತಿದ್ದೂ ಸುಮ್ನೆ ಅಳೆಯುತ್ತಾ ಕೂತಿದ್ದಾರೆ, ಅಳೆಯುವುದನ್ನು ನಿಲ್ಲಿಸಿದರೆ ಏನಾದರೂ ಮಾಡಬೇಕಾಗುತ್ತದಲ್ಲ.

ಮಾಡುವುದೇನು ಅಂತೀರಾ? ಸ್ವಿಟ್ಜರ್‌ಲೆಂಡಿನವರು 2016ರಿಂದ ತಲೆಗೆ ವರ್ಷಕ್ಕೆ ಗರಿಷ್ಠ 9 ಫ್ರಾಂಕ್ ಲೆಕ್ಕದಲ್ಲಿ ದುಡ್ಡು ಕೂಡಿಸಿ, ಆಯ್ದ ಕೊಳಚೆ ಘಟಕಗಳಿಗೆ ಇಂಥ ರಾಸಾಯನಿಕ ತೆಗೆಯುವ ಓಜೋನು, ಇದ್ದಿಲು ಜೋಡಿಸುತ್ತಾ ಬಂದಿದ್ದಾರೆ. ಸ್ವಲ್ಪ ಹದ ಮಾಡಿದ ಇದ್ದಿಲು, ಅಷ್ಟೇ. ಇದ್ದಿಲು ಕಣ್ರೀ! ಅದಕ್ಕೂ ಒಂದು ಸಮಿತಿ ಬೇಕಾ?