ಕೈ ನಮ್ಮ ಹುಡ್ಗಂದು, ವಾಚು ಶೆಫ್‌ದು

ಹೋದ ತಿಂಗ್ಳು ಕೋಲಾರದಲ್ಲಿ ನಾನು ದಿನಾ ಮಧ್ಯಾಹ್ನ ಊಟಕ್ಕೆ ಹೋಗೋ ಮೆಸ್ಸಿಗೆ ಒಬ್ರು ಶೆಫ್ ಬಂದಿದ್ರು. ಶೆಫ್ ಅಂದ್ರೆ ಅಡುಗೆಯೋರು ಅಂದ್ಕೋಬೇಡಿ, ಅಡುಗೆಯೋರು ಹಿಂದಿನ ಬಾಗಿಲಿಂದ ಬರ್ತಾರೆ, ಇವ್ರು ಎರಡು ಇನ್ನೋವಾದಲ್ಲಿ ಬಂದ್ರು, ಒಂದ್ರಲ್ಲಿ ಅವ್ರು, ಇನ್ನೊಂದ್ರಲ್ಲಿ ಲೈಟು, ಕ್ಯಾಮ್ರಾ, ಮೇಕಪ್ ಡಬ್ಬ, ಜೊತೆಗೊಂದು ಹೊಚ್ಚ ಹೊಸಾ ಮಣ್ಣಿನ ಮಡಕೆ. ಮಡಕೆ ಯಾಕೆ ಸಾರ್ ಅಂತ ಓನರ್ ಕೇಳಿದ್ದಕ್ಕೆ ಟ್ರೆಡಿಷನಲ್ ಫೀಲ್ ಬರ್ಲಿ ಅಂತ ಅಂದ್ರು. ನಮ್ಮ ಮೆಸ್ಸಲ್ಲಿ ಇಪ್ಪತ್ತು ವರ್ಷದಿಂದ ಮುದ್ದೆ ಆಗ್ತಿರೋದು ತಳ ಕರಕಲಾದ ಅಲ್ಯೂಮಿನಿಯಂ ಪಾತ್ರೇಲಿ, ಅದಕ್ಕೆ ಫೀಲೇ ಇಲ್ಲ ಅಂತ ನಮಗೆ ಅವತ್ತೇ ಗೊತ್ತಾಗಿದ್ದು.

ಬಂದಿದ್ದು ಯಾಕೆ ಅಂದ್ರೆ ರಾಗಿ ಮುದ್ದೆ ಕಂಡುಹಿಡಿಯೋಕೆ. ವಿಶ್ವಸಂಸ್ಥೆ 2023ನ್ನ ಸಿರಿಧಾನ್ಯ ವರ್ಷ ಅಂತ ಸಾರಿದ್ಮೇಲೆ ಈ ಜನಕ್ಕೆ ರಾಗಿ ಕಣ್ಣಿಗೆ ಬಿತ್ತು ನೋಡಿ, ಅಲ್ಲೀವರ್ಗೂ ನಾವೇನು ಮಣ್ಣು ತಿಂತಿದ್ವಾ ಅನ್ನೋ ಹಾಗೆ.

ಎಸರು ಕುದೀತು, ಹಿಟ್ಟು ಸುರಿದ್ರು. ಹಿಟ್ಟು ಸುರಿದ್ಮೇಲೆ ಕೈ ಕಟ್ಕೊಂಡು ಕೂರ್ಬೇಕು ಅನ್ನೋದು ಈ ಕಡೆ ಸ್ಕೂಲ್ ಮಕ್ಕಳಿಗೂ ಗೊತ್ತು, ಹಿಟ್ಟಿನ ಗುಡ್ಡದ ನಡುವಿಂದ ಎಸರು ಬುಳುಬುಳು ಅಂತ ಉಕ್ಕಿ ಬಂದು ಚೆನ್ನಾಗಿ ಬೆಂದ್ಮೇಲೆ ಕೋಲು ಹಾಕಿ ತೊಳಸೋದು. ಆದ್ರೆ ಕ್ಯಾಮ್ರಾ ಮುಂದೆ ಸುಮ್ನೆ ನಿಂತ್ಕೊಂಡ್ರೆ ಶೆಫ್ ಹೆಂಗಾಗ್ತಾರೆ? ಅವ್ರು ಅಜ್ಜಿ, ನೆನಪು, ಮಣ್ಣಿನ ವಾಸನೆ ಅಂತ ಮಾತಾಡ್ತಾ ಮಾತಾಡ್ತಾ ಕೋಲು ಆಡಿಸೇ ಬಿಟ್ರು, ನಿಂಬೆಹಣ್ಣಿನ ಸೈಜಿನ ಗಂಟುಗಳು. ಅದನ್ನೂ ಬಿಡ್ಲಿಲ್ಲ, 'ರಸ್ಟಿಕ್ ಟೆಕ್ಸ್ಚರ್' ಅಂದ್ರು. ನಮ್ಮಮ್ಮ ಮುದ್ದೆ ಗಂಟಾದಾಗ ಮಗ ಊಟಕ್ಕೆ ಲೇಟಾಗಿ ಬಂದಿದ್ದಕ್ಕೆ ಹಿಂಗಾಯ್ತು ಅಂತ ನನ್ನ ಮೇಲೆ ಹಾಕ್ತಿದ್ಲು, ಪಾಪ ಅವಳಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ.

ಈ ಕಸುಬಲ್ಲಿ ಪ್ರಮೋಷನ್ ಇರೋದೇ ಹಂಗೆ ಅನ್ಸುತ್ತೆ. ಮೊದ್ಲು ಈರುಳ್ಳಿ ಹೆಚ್ಬೇಕು, ಆಮೇಲೆ ಒಲೆ ಮುಂದೆ ನಿಲ್ಬೇಕು, ಆಮೇಲೆ ಸ್ವಂತ ಹೋಟ್ಲು, ಆಮೇಲೆ ಟೀವಿ, ಆಮೇಲೆ ಟೀವೀಲಿ ಬೇರೆಯೋರು ಮಾಡಿದ್ದನ್ನ ಅರ್ಧ ಚಮಚ ತಿಂದು ಮುಖ ಕಿವುಚೋ ಜಡ್ಜು, ಕೊನೆಗೆ ಬರೀ ಮಸಾಲೆ ಪ್ಯಾಕೆಟ್ ಮೇಲಿನ ಫೋಟೋ. ಒಲೆಯಿಂದ ಎಷ್ಟು ದೂರ ಹೋದ್ರೆ ಅಷ್ಟು ದೊಡ್ಡ ಶೆಫ್. ಫ್ರಾನ್ಸಲ್ಲಿ ಪಾಲ್ ಬೊಕ್ಯೂಸ್ ಅಂತ ಒಬ್ರು ಶೆಫ್ ಇದ್ರು, ಲಿಯೋನ್ ಹತ್ರ ಹೋಟ್ಲು, 1965ರಲ್ಲಿ ಮೂರು ಮಿಷೆಲಿನ್ ಸ್ಟಾರ್ ಬಂತು, ಹೋಟ್ಲಿನ ಊಟಕ್ಕೆ ಕೊಡೋ ರ್ಯಾಂಕು ಅದು, ಮೂರಕ್ಕಿಂತ ಮೇಲಿಲ್ಲ. ಅವ್ರು ತೀರ್ಕೊಂಡಿದ್ದು 2018ರ ಜನವರಿ, ಒಂದು ಸ್ಟಾರ್ ಕಿತ್ಕೊಂಡಿದ್ದು 2020ರ ಜನವರಿ. ಅಂದ್ರೆ ಯಜಮಾನ್ರೇ ಇಲ್ದಿದ್ರೂ ಎರಡು ವರ್ಷ ಮೂರು ಸ್ಟಾರ್ ಹಂಗೇ ಮಿಣಿಮಿಣಿ ಅಂತಿತ್ತು, ಒಳಗಡೆ ಯಾರೋ ಸೌಟು ಆಡಿಸ್ತಾನೇ ಇದ್ರಲ್ಲಾ.

ಸ್ಟಾರ್ ಕೊಡೋರು ಯಾರು ಗೊತ್ತಲ್ಲ, ಟೈರ್ ಕಂಪನಿ. ಜನ ಕಾರಲ್ಲಿ ಜಾಸ್ತಿ ಓಡಾಡ್ಲಿ, ಟೈರ್ ಸವೀಲಿ ಅಂತ 1900ರಲ್ಲಿ ಒಂದು ಪುಸ್ತಕ ಮಾಡಿ ಹಂಚಿದ್ರು, ಅದೇ ಇವತ್ತು ಊಟದ ವೇದ. ಮೂರು ಸ್ಟಾರ್ ಅಂದ್ರೆ ಅದಕ್ಕೇ ಅಂತ ಪ್ರಯಾಣ ಕಟ್ಕೊಂಡು ಹೋಗ್ಬೋದಾದ ಜಾಗ. ಹಂಗಾದ್ರೆ ಭಾನುವಾರ ಬೆಳಗ್ಗೆ ಬೆಂಗ್ಳೂರಿಂದ ನೂರು ಕಿಲೋಮೀಟರ್ ಹತ್ರ ಓಡಿಸ್ಕೊಂಡು ಮುಳಬಾಗಿಲು ದೋಸೆಗೆ ಬರ್ತಾರಲ್ಲ, ಆ ಹೈವೇ ಪಕ್ಕದ ಪಂಕ್ಚರ್ ಅಂಗಡಿಯೋನು ಯಾಕೆ ಸ್ಟಾರ್ ಕೊಡ್ಬಾರ್ದು? ಟೈರ್ ಬಗ್ಗೆ ಅವನಿಗೇನು ಕಮ್ಮಿ ಗೊತ್ತಾ, ಮೇಲಾಗಿ ದಿನಾ ದೋಸೆ ತಿನ್ನೋನೂ ಅವನೇ.

ಇನ್ನು ಬಿಸ್ನೆಸ್ಸು. ಟೀವಿ ಶೆಫ್ ಜೇಮೀ ಆಲಿವರ್ ಅವ್ರ ಬ್ರಿಟನ್ ಹೋಟೆಲ್ ಗ್ರೂಪು 2019ರ ಮೇನಲ್ಲಿ ಬಾಗಿಲು ಹಾಕ್ತು, ಸುಮಾರು ಸಾವಿರ ಜನದ ಕೆಲಸ ಹೋಯ್ತು. ಪುಸ್ತಕ, ಟೀವಿ ಮಾತ್ರ ನಡೀತಾನೇ ಇದೆ. ಹೋಟ್ಲು ಮುಳುಗಿದ್ರೂ ಶೆಫ್ ತೇಲ್ತಾರೆ, ಮುಳುಗೋದು ತಟ್ಟೆ ತೊಳೆಯೋರು. ಗಾರ್ಡನ್ ರಾಮ್ಸೆ ಅವ್ರು ಲಂಡನ್ನಿನ ಹೋಟ್ಲಿಗೆ 2001ರಲ್ಲೇ ಮೂರು ಸ್ಟಾರ್ ತಂದೋರು, ಅದು ದೊಡ್ಡದೇ ಬಿಡಿ, ಆದ್ರೆ ಇಲ್ಲಿ ಜನಕ್ಕೆ ಗೊತ್ತಿರೋದು ಟೀವೀಲಿ ಬೈಯೋ ಬೈಗುಳಕ್ಕೆ. ನಮ್ಮ ಮೆಸ್ ಓನರ್ ಅದಕ್ಕಿಂತ ಚೆನ್ನಾಗಿ ಬೈತಾನೆ, ಕನ್ನಡದಲ್ಲಿ ಶುರು ಮಾಡಿ ತೆಲುಗಲ್ಲಿ ಮುಗಿಸ್ತಾನೆ, ಆದ್ರೂ ಒಂದು ಸೀಸನ್ನೂ ಸಿಕ್ಕಿಲ್ಲ.

ಸರಿ, ಮುದ್ದೆ ಕಟ್ಟೋ ಟೈಮ್ ಬಂತು. ಒದ್ದೆ ಮಣೆ ಮೇಲೆ ಬಿಸಿ ಹಿಟ್ಟು ಬಿತ್ತು, ಶೆಫ್ ಕೈ ಇಟ್ರು, ಇಟ್ಟಷ್ಟೇ ಸ್ಪೀಡಾಗಿ ತೆಗೆದ್ರು, ಬಾಯಲ್ಲಿ ಬಂದ ಮಾತನ್ನ ಇಲ್ಲಿ ಬರಿಯೋಕಾಗಲ್ಲ. ಡೈರೆಕ್ಟರ್ ಸುತ್ತ ನೋಡಿ ಮುದ್ದೆ ಕಟ್ಟೋ ನಮ್ಮ ಹುಡುಗನ್ನ ಕರೆದ್ರು. (ಹುಡುಗ ಅಂದ್ರೆ ವಯಸ್ಸು ನಲವತ್ತು ದಾಟಿದೆ, ಮೆಸ್ಸಲ್ಲಿ ಕೆಲಸ ಮಾಡೋರು ಸಾಯೋವರ್ಗೂ ಹುಡುಗರೇ.) ಕ್ಲೋಸಪ್ಪಿಗೆ ಕೈ ಒಂದೇ ಸಾಕು ಅಂದ್ರು. ಮಣಿಕಟ್ಟಿನ ಮೇಲೆ ಹಳೇ ಗಂಜಿ ಚೆಲ್ಲಿ ಸುಟ್ಟ ಕಲೆ ಇತ್ತು, ಅದು ಕಾಣ್ಬಾರ್ದು ಅಂತ ಶೆಫ್ ತಮ್ಮ ವಾಚು ಬಿಚ್ಚಿ ಕಟ್ಟಿದ್ರು. ಇವನು ಜೀವಮಾನದಲ್ಲಿ ವಾಚ್ ಕಟ್ಕೊಂಡು ಮುದ್ದೆ ಕಟ್ಟಿದೋನಲ್ಲ, ಆದ್ರೂ ಅಂಗೈಗೆ ನೀರು ಸವರ್ಕೊಂಡು ಮೂರು ಸುತ್ತು ಉರುಳಿಸಿದ, ನುಣ್ಣಗೆ ಬಿಲ್ಲಿಯರ್ಡ್ಸ್ ಬಾಲ್ ಥರ ಕೂತ್ಕೊಂತು. ಸೂಪರ್ ಅಂತ ಎಲ್ಲ ಚಪ್ಪಾಳೆ ಹೊಡೆದ್ರು, ಶೆಫ್ ಕಡೆ ತಿರುಗಿ.

ವಾಚು ವಾಪಸ್ ಇಸ್ಕೊಂಡು ಒರೆಸ್ಕೊಂಡು ಹೋದ್ರು. ಮಡಕೆ ಇಲ್ಲೇ ಬಿಟ್ರು, ಈಗ ಅದ್ರಲ್ಲಿ ಚಿಲ್ರೆ ಹಾಕ್ತಾರೆ.

ವಿಡಿಯೋ ಬಂದಿದೆ, ಲಕ್ಷಗಟ್ಲೆ ಜನ ನೋಡಿದಾರೆ, ಶೆಫ್ ಕೈಗೆ ಚಿನ್ನದ ಕಡಗ ಹಾಕ್ಬೇಕು ಅಂತೆಲ್ಲ ಬರೆದವ್ರೆ. ಹುಡುಗ ಅದನ್ನ ಫೋನಲ್ಲಿ ಇಟ್ಕೊಂಡು ಊಟಕ್ಕೆ ಬಂದೋರಿಗೆಲ್ಲ ತೋರಿಸ್ತಾನೆ. ಮೂರನೇ ಸುತ್ತಲ್ಲಿ ವಾಚು ಸ್ವಲ್ಪ ಮೇಲಕ್ಕೆ ಜಾರುತ್ತೆ, ಅಲ್ಲಿ ಕರೆಕ್ಟಾಗಿ ನಿಲ್ಲಿಸಿ, ಎರಡು ಬೆರಳಲ್ಲಿ ಜೂಮ್ ಮಾಡಿ, ತನ್ನ ಕೈಯನ್ನ ಫೋನ್ ಪಕ್ಕ ಇಟ್ಟು, ನೋಡಿ ಸಾರ್, ಅದೇ ಕಲೆ ಅಂತಾನೆ. ನೋಡೋಷ್ಟರಲ್ಲಿ ಓನರ್ ತೆಲುಗಿಗೆ ಬಂದಿರ್ತಾನೆ, ನಾಲ್ಕನೇ ಟೇಬಲ್ಲಿಗೆ ಎರಡು ಮುದ್ದೆ.